ಕ್ರೊವೇಷಿಯಾ ತನ್ನ ಹಣವನ್ನೇ ಬಿಟ್ಟುಕೊಟ್ಟದ್ದು ಯಾಕೆ?

ಒಂದು ದೇಶ ಸ್ವಂತ ಹಣ ಬಿಟ್ಟು, ಹತ್ತಾರು ದೇಶಗಳು ಒಟ್ಟಿಗೆ ಬಳಸುವ ಹಣಕ್ಕೆ ಹೋಯಿತು ಅಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಬೆಲೆ ಏರಿತಾ? ಏರಿತು, ಸ್ವಲ್ಪ. ಆದರೆ ಅದು ಚಿಕ್ಕ ವಿಷಯ. ದೊಡ್ಡ ವಿಷಯ ಅಂದರೆ ಆ ದೇಶ ಎರಡು ಅಧಿಕಾರಗಳನ್ನು ಕೈಯಾರೆ ಬಿಟ್ಟುಕೊಡುತ್ತದೆ. ಬಡ್ಡಿ ದರ ಎಷ್ಟಿರಬೇಕು ಅಂತ ತಾನೇ ತೀರ್ಮಾನಿಸುವುದು ಒಂದು, ಕಷ್ಟ ಬಂದಾಗ ತನ್ನ ಹಣದ ಬೆಲೆ ಇಳಿಸಿ ಉಸಿರಾಡುವುದು ಇನ್ನೊಂದು. ಇಷ್ಟು ದೊಡ್ಡದನ್ನು ಯಾರಾದರೂ ಯಾಕೆ ಬಿಡುತ್ತಾರೆ?

ಇದು ಅರ್ಥವಾಗಬೇಕಾದರೆ ಕ್ರೊವೇಷಿಯಾ ನೋಡಬೇಕು. ಜನಸಂಖ್ಯೆ 39 ಲಕ್ಷದ ಆಸುಪಾಸು, ಬೆಂಗಳೂರಿನ ಅರ್ಧವೂ ಇಲ್ಲ. ಸಮುದ್ರ ತೀರ, ದ್ವೀಪಗಳು, ಬೇಸಿಗೆಯಲ್ಲಿ ತುಂಬಿ ತುಳುಕುವ ಪ್ರವಾಸಿಗರು. 2013ರ ಜುಲೈ 1ರಂದು ಐರೋಪ್ಯ ಒಕ್ಕೂಟ ಸೇರಿತು. 2023ರ ಜನವರಿ 1ರಂದು ತನ್ನ ಕುನಾ ಬಿಟ್ಟು ಯೂರೋ ಬಳಸುವ 20ನೇ ದೇಶವಾಯಿತು. ಗಡಿ ತಪಾಸಣೆ ಇಲ್ಲದ ಷೆಂಗೆನ್ ವಲಯಕ್ಕೂ ಅದೇ ದಿನ ಸೇರಿತು.

ನನ್ನ ಪ್ರಕಾರ ಕ್ರೊವೇಷಿಯಾದ ಜನ ಕುನಾವನ್ನು ಬಿಟ್ಟದ್ದು 2023ರಲ್ಲಿ ಅಲ್ಲ. ಅವರು ಅದನ್ನು ಪೂರ್ತಿಯಾಗಿ ನಂಬಿದ್ದೇ ಇಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ರಾಜಧಾನಿ ಜಾಗ್ರೆಬ್‌ನಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳಿ. ಆಕೆ ದುಡಿಯಲು ಶುರು ಮಾಡಿದಾಗ ಕ್ರೊವೇಷಿಯಾ ಯುಗೊಸ್ಲಾವಿಯಾ ಅನ್ನುವ ದೊಡ್ಡ ದೇಶದ ಭಾಗ, ಕೈಗೆ ಬರುತ್ತಿದ್ದದ್ದು ಅದರ ದಿನಾರ್. 1980ರ ದಶಕದಲ್ಲಿ ಆ ದಿನಾರ್‌ನ ಬೆಲೆ ಕರಗಿ ಕರಗಿ, ಕೊನೆಗೆ 1990ರಲ್ಲಿ ನಾಲ್ಕು ಸೊನ್ನೆ ಕತ್ತರಿಸಿ 10,000 ಹಳೇ ದಿನಾರ್‌ಗೆ ಒಂದು ಹೊಸ ದಿನಾರ್ ಮಾಡಿದರು. ಮರುವರ್ಷ ದೇಶವೇ ಒಡೆಯಿತು, ಯುದ್ಧ ಶುರುವಾಯಿತು. 1991ರ ಡಿಸೆಂಬರ್‌ನಲ್ಲಿ ಕ್ರೊವೇಷಿಯಾ ತನ್ನದೇ ದಿನಾರ್ ತಂದಿತು. ಅದೂ ನಿಲ್ಲಲಿಲ್ಲ. 1993ರಲ್ಲಿ ಬೆಲೆಗಳು ತಿಂಗಳಿಗೆ ಸುಮಾರು 30 ಶೇಕಡಾ ಏರುತ್ತಿದ್ದವು, ವರ್ಷಕ್ಕಲ್ಲ, ತಿಂಗಳಿಗೆ. ಆ ವರ್ಷದ ಅಕ್ಟೋಬರ್‌ನಲ್ಲಿ ಸರ್ಕಾರ ಬಿಗಿ ಕ್ರಮ ಕೈಗೊಂಡು ಬೆಲೆಗಳಿಗೆ ಕಡಿವಾಣ ಹಾಕಿತು. 1994ರ ಮೇ 30ರಂದು 1,000 ದಿನಾರ್‌ಗೆ ಒಂದು ಕುನಾ ಅನ್ನುವ ಲೆಕ್ಕದಲ್ಲಿ ಹೊಸ ಹಣ ಬಂತು.

ಇಷ್ಟೆಲ್ಲ ನೋಡಿದವರು ಉಳಿತಾಯವನ್ನು ಸ್ಥಳೀಯ ಹಣದಲ್ಲಿ ಇಡುತ್ತಾರಾ? ಇಡಲಿಲ್ಲ. ಯುಗೊಸ್ಲಾವಿಯಾದ ಕಾಲದಿಂದಲೇ ಜರ್ಮನಿಗೆ ದುಡಿಯಲು ಹೋದವರು ಕಳಿಸಿದ ಮಾರ್ಕ್ ಎಲ್ಲರ ಮನೆಯಲ್ಲೂ ಇರುತ್ತಿತ್ತು. ಕಾರು, ಮನೆ, ಹೊಲ, ಯಾವುದರ ಬೆಲೆ ಕೇಳಿದರೂ ಮಾರ್ಕ್‌ನಲ್ಲೇ ಹೇಳುವುದು. ಬ್ಯಾಂಕಿನಲ್ಲೂ ವಿದೇಶಿ ಹಣದ ಖಾತೆ ಇಡಬಹುದಿತ್ತು. ದೇಶ ಒಡೆದಾಗ ಆ ಖಾತೆಗಳ ಹಣವೂ ಸಿಕ್ಕಿಹಾಕಿಕೊಂಡಿತು. ಮುಂದೆ ಕ್ರೊವೇಷಿಯಾ ಸರ್ಕಾರ ಅದನ್ನು ತನ್ನ ಸಾಲ ಅಂತ ಒಪ್ಪಿಕೊಂಡು ಕಂತುಗಳಲ್ಲಿ ತೀರಿಸಬೇಕಾಯಿತು. ಆದರೂ ಜನ ವಿದೇಶಿ ಹಣದ ಮೇಲಿನ ನಂಬಿಕೆ ಬಿಡಲಿಲ್ಲ, ಸ್ವದೇಶಿ ಹಣದ ಮೇಲೆ ಅಷ್ಟೂ ಇರಲಿಲ್ಲವಲ್ಲ.

2002ರಲ್ಲಿ ಮಾರ್ಕ್ ಹೋಗಿ ಯೂರೋ ನೋಟು ಬಂದಾಗ ಕ್ರೊವೇಷಿಯಾದವರು ಸದ್ದಿಲ್ಲದೆ ಯೂರೋಗೆ ಬದಲಾದರು. ತರಕಾರಿ, ಕಾಫಿ, ಬಸ್ ಟಿಕೆಟ್‌ಗೆ ಕುನಾ. ಉಳಿತಾಯಕ್ಕೆ, ಮನೆ ಖರೀದಿಗೆ, ದೊಡ್ಡ ಸಾಲಕ್ಕೆ ಯೂರೋ. ಸಾಲದ ಪತ್ರದಲ್ಲಿ ಮೊತ್ತ ಯೂರೋ ಲೆಕ್ಕದಲ್ಲಿ ಇರುತ್ತಿತ್ತು, ಕಂತು ಮಾತ್ರ ಆ ದಿನದ ದರದಲ್ಲಿ ಕುನಾಗಳಲ್ಲಿ ಕಟ್ಟುವುದು. ಇದು ಒಂದೆರಡು ಶ್ರೀಮಂತರ ಅಭ್ಯಾಸ ಅಲ್ಲ, ಇಡೀ ದೇಶದ ಬ್ಯಾಂಕ್ ವ್ಯವಸ್ಥೆ ಹೀಗೇ ನಡೆಯುತ್ತಿತ್ತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಸ್ವಂತ ಹಣ ಇದ್ದರೆ ಏನು ಲಾಭ ಅಂತ ಅರ್ಥಶಾಸ್ತ್ರದ ಪುಸ್ತಕ ಹೇಳುತ್ತದೆ? ಕಷ್ಟ ಬಂದಾಗ ಅದರ ಬೆಲೆ ಇಳಿಸಬಹುದು. 1991ರ ಜುಲೈನಲ್ಲಿ ಭಾರತ ಮಾಡಿದ್ದು ಇದನ್ನೇ, ಎರಡು ಸಲ ರೂಪಾಯಿ ಇಳಿಸಿತು. ಹಣ ಅಗ್ಗವಾದರೆ ನಮ್ಮ ಸರಕು ಹೊರಗಿನವರಿಗೆ ಅಗ್ಗ, ರಫ್ತು ಹೆಚ್ಚುತ್ತದೆ, ಆಮದು ದುಬಾರಿಯಾಗಿ ಕಡಿಮೆಯಾಗುತ್ತದೆ. ಕೇಳಲು ಚೆನ್ನಾಗಿದೆ.

ಕ್ರೊವೇಷಿಯಾದಲ್ಲಿ ಹಾಗೆ ಮಾಡಿದ್ದರೆ? ಒಂದು ಕುಟುಂಬಕ್ಕೆ 50,000 ಯೂರೋ ಮನೆ ಸಾಲ ಇದೆ ಅಂದುಕೊಳ್ಳಿ. ಯೂರೋಗೆ ಏಳೂವರೆ ಕುನಾ ಇದ್ದಾಗ ಅದು 3,75,000 ಕುನಾ ಸಾಲ. ಸರ್ಕಾರ ಕುನಾ ಇಳಿಸಿ ಯೂರೋಗೆ 9 ಕುನಾ ಆಯಿತು ಅನ್ನಿ. ರಾತ್ರೋರಾತ್ರಿ ಅದೇ ಸಾಲ 4,50,000 ಕುನಾ. ಸಂಬಳ ಮಾತ್ರ ಕುನಾದಲ್ಲೇ, ಅಷ್ಟೇ ಇದೆ. ಹೀಗೆ ಲಕ್ಷಾಂತರ ಮನೆಗಳು, ಸಾವಿರಾರು ಕಂಪನಿಗಳು, ಕೊನೆಗೆ ಸ್ವತಃ ಸರ್ಕಾರ, ಎಲ್ಲರ ಸಾಲವೂ ಒಟ್ಟಿಗೆ ಉಬ್ಬುತ್ತದೆ. ರಫ್ತಿನಿಂದ ಬರುವ ಲಾಭ ಬರುವ ಮೊದಲೇ ಬ್ಯಾಂಕ್‌ಗಳು ಮುಳುಗುತ್ತವೆ.

ಅಂದರೆ ಆ ಆಯುಧ ಗೋಡೆಗೆ ನೇತುಹಾಕಿದ್ದು, ತೆಗೆದು ಬೀಸುವ ಹಾಗಿಲ್ಲ. ಹಾಗಾಗಿಯೇ ಅಲ್ಲಿನ ಕೇಂದ್ರ ಬ್ಯಾಂಕ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಕೆಲಸಕ್ಕೆ ಹೆಚ್ಚು ಶಕ್ತಿ ಹಾಕಿತು: ಯೂರೋಗೆ ಏಳೂವರೆಯ ಆಸುಪಾಸಿನಿಂದ ಕುನಾ ಜಾಸ್ತಿ ಅಲುಗಾಡದಂತೆ ಹಿಡಿದಿಡುವುದು. ದರ ಹಿಡಿದಿಡಬೇಕು ಅಂದರೆ ಬಡ್ಡಿ ವಿಷಯದಲ್ಲೂ ಮನಸ್ಸಿಗೆ ಬಂದಂತೆ ಮಾಡಲು ಆಗುವುದಿಲ್ಲ. ಹೆಸರಿಗೆ ಸ್ವಂತ ಹಣ, ಅದರ ಸ್ವಾತಂತ್ರ್ಯ ಇಲ್ಲ. ಖರ್ಚು ಮಾತ್ರ ಎಲ್ಲವೂ ಇದೆ, ವಿನಿಮಯದ ಕಮಿಷನ್, ದರ ಜಾರೀತು ಅನ್ನುವ ಭಯ, ಆ ಭಯಕ್ಕಾಗಿ ಹೊರಗಿನವರು ಕೇಳುವ ಹೆಚ್ಚಿನ ಬಡ್ಡಿ.

ಈ ಭಯ ಸುಮ್ನೆ ಅಲ್ಲ ಅನ್ನುವುದಕ್ಕೆ ಸ್ವಿಸ್ ಫ್ರಾಂಕ್ ಪ್ರಕರಣ ಒಂದೇ ಸಾಕು. 2000ರ ದಶಕದ ಮಧ್ಯದಲ್ಲಿ ಬ್ಯಾಂಕ್‌ಗಳು ಯೂರೋ ಬದಲು ಫ್ರಾಂಕ್ ಲೆಕ್ಕದಲ್ಲಿ ಸಾಲ ಕೊಡಲು ಶುರು ಮಾಡಿದವು. ಬಡ್ಡಿ ಕಡಿಮೆ, ಜನ ಮುಗಿಬಿದ್ದರು. ಆಮೇಲೆ ಫ್ರಾಂಕ್ ಏರುತ್ತಾ ಹೋಯಿತು. 2015ರ ಜನವರಿ 15ರಂದು ಸ್ವಿಸ್ ಕೇಂದ್ರ ಬ್ಯಾಂಕ್ ಫ್ರಾಂಕ್‌ಗೆ ಹಾಕಿದ್ದ ಕಟ್ಟನ್ನು ಒಮ್ಮೆಲೇ ಬಿಚ್ಚಿತು, ಕಂತುಗಳು ಆಕಾಶಕ್ಕೆ ಹೋದವು. ಸರ್ಕಾರ ಮೊದಲು ದರವನ್ನು 6.39 ಕುನಾಗೆ ಕಟ್ಟಿಹಾಕಿತು, ಅದೇ ವರ್ಷ ಕಾನೂನು ಮಾಡಿ ಆ ಸಾಲಗಳನ್ನು ಯೂರೋ ಸಾಲಗಳಾಗಿ ಬದಲಿಸಲು ಬ್ಯಾಂಕ್‌ಗಳಿಗೆ ಹೇಳಿತು. ಸಾಲ ಒಂದು ಹಣದಲ್ಲಿ, ಸಂಬಳ ಇನ್ನೊಂದು ಹಣದಲ್ಲಿ ಇದ್ದರೆ ಏನಾಗುತ್ತದೆ ಅಂತ ಇಡೀ ದೇಶ ಕಣ್ಣಾರೆ ನೋಡಿತು. ಕುನಾ ಬಿಟ್ಟು ಯೂರೋಗೆ ಹೋಗಲು ಆಗ ಅಲ್ಲಿನ ಕೇಂದ್ರ ಬ್ಯಾಂಕ್ ಗವರ್ನರ್ ಆಗಿದ್ದ ಬೋರಿಸ್ ವುಯ್ಚಿಚ್ ಅಂಥವರು ಮುಂದಿಟ್ಟ ವಾದದ ತಿರುಳೂ ಇದೇ.

ಹಾಗಂತ ಬೇಕು ಅಂದ ತಕ್ಷಣ ಯೂರೋ ಕೊಡುವುದಿಲ್ಲ. ಪರೀಕ್ಷೆ ಇದೆ. ಸರ್ಕಾರದ ಕೊರತೆ ದೇಶದ ಒಟ್ಟು ಉತ್ಪನ್ನದ 3 ಶೇಕಡಾ ಮೀರಬಾರದು. ಸಾಲ 60 ಶೇಕಡಾ ಒಳಗಿರಬೇಕು, ಇಲ್ಲವಾದರೆ ಸಾಕಷ್ಟು ವೇಗದಲ್ಲಿ ಇಳಿಯುತ್ತಿರಬೇಕು. ಕ್ರೊವೇಷಿಯಾ ಪಾಸಾದದ್ದು ಈ 'ಇಲ್ಲವಾದರೆ'ಯಿಂದ. ದೀರ್ಘಾವಧಿ ಬಡ್ಡಿಗೂ ಮಿತಿ ಇದೆ. ಜೊತೆಗೆ ಕನಿಷ್ಠ ಎರಡು ವರ್ಷ ಒಂದು ಕಾಯುವ ಕೋಣೆಯಲ್ಲಿ ಕೂರಬೇಕು. ಅಲ್ಲಿ ನಿಮ್ಮ ಹಣಕ್ಕೆ ಒಂದು ನಡುಗೆರೆ ಹಾಕಿ, ಅದರಿಂದ ಹೆಚ್ಚು ಅಂದರೆ 15 ಶೇಕಡಾ ಆಚೀಚೆ ಹೋಗಬಹುದು ಅನ್ನುತ್ತಾರೆ. ಕ್ರೊವೇಷಿಯಾ 2020ರ ಜುಲೈನಲ್ಲಿ, ಬಲ್ಗೇರಿಯಾ ಜೊತೆಗೇ, ಒಳಗೆ ಕೂತಿತು. ನಡುಗೆರೆ 7.53450 ಕುನಾ. ಎರಡು ವರ್ಷದ ನಂತರ ಅದೇ ಸಂಖ್ಯೆ ಶಾಶ್ವತ ದರವಾಯಿತು.

ಹಣದುಬ್ಬರದ ಪರೀಕ್ಷೆ ಮಾತ್ರ ಕೂದಲೆಳೆಯಲ್ಲಿ ಪಾಸಾದದ್ದು. ಒಕ್ಕೂಟದಲ್ಲಿ ಅತಿ ಕಡಿಮೆ ಹಣದುಬ್ಬರ ಇರುವ ಮೂರು ದೇಶಗಳ ಸರಾಸರಿಗಿಂತ ಒಂದೂವರೆ ಅಂಶ ಮಾತ್ರ ಹೆಚ್ಚಿರಬಹುದು ಅನ್ನುವುದು ನಿಯಮ. 2022ರಲ್ಲಿ ಆ ಮಿತಿ 4.9 ಶೇಕಡಾ ಅಂತ ಬಂತು, ಕ್ರೊವೇಷಿಯಾದ್ದು 4.7. ಆದರೆ ಆ ಸಲ ಅತಿ ಕಡಿಮೆ ಹಣದುಬ್ಬರ ಇದ್ದದ್ದು ಮಾಲ್ಟಾ ಮತ್ತು ಪೋರ್ಚುಗಲ್‌ನಲ್ಲಿ, 2.1 ಮತ್ತು 2.6. ಇವೆರಡೂ ವಿಶೇಷ ಕಾರಣದಿಂದ ಬೇರೆಯವರಿಗಿಂತ ತುಂಬಾ ಕೆಳಗಿವೆ ಅಂತ ಲೆಕ್ಕದಿಂದ ಹೊರಗಿಟ್ಟರು. ಸೇರಿಸಿದ್ದರೆ ಮಿತಿ 4.1ರ ಹತ್ತಿರ ನಿಲ್ಲುತ್ತಿತ್ತು, ಕ್ರೊವೇಷಿಯಾ ಫೇಲ್! ಮೋಸ ಅನ್ನಲಾರೆ, ಹಾಗೆ ಹೊರಗಿಡುವುದಕ್ಕೆ ಅವಕಾಶ ಮೊದಲಿಂದಲೂ ಇದೆ. ಆದರೆ ಇಂಥ ಪರೀಕ್ಷೆಗಳಲ್ಲಿ ಗಣಿತದ ಜೊತೆ ಮನಸ್ಸೂ ಕೆಲಸ ಮಾಡುತ್ತದೆ ಅನ್ನುವುದು ನೆನಪಿರಲಿ. 2022ರ ಜುಲೈ 12ರಂದು ಅಂತಿಮ ಒಪ್ಪಿಗೆ ಸಿಕ್ಕಿತು.

ಆಮೇಲಿನದು ನಿಜವಾಗಿಯೂ ದೊಡ್ಡ ಸಾಗಣೆ ಕೆಲಸ. 2022ರ ಸೆಪ್ಟೆಂಬರ್ 5ರಿಂದ ಪ್ರತಿ ಅಂಗಡಿಯಲ್ಲೂ ಬೆಲೆಯನ್ನು ಎರಡೂ ಹಣದಲ್ಲಿ ಬರೆಯುವುದು ಕಡ್ಡಾಯವಾಯಿತು, 2023ರ ಕೊನೆಯವರೆಗೂ ಹಾಗೇ ಇತ್ತು. ಬ್ಯಾಂಕ್‌ಗಳಿಗೆ, ಅಂಗಡಿಗಳಿಗೆ ಮುಂಚಿತವಾಗಿಯೇ ಯೂರೋ ತಲುಪಿಸಿದರು. ಡಿಸೆಂಬರ್‌ನಲ್ಲಿ ಜನರಿಗೆ ಚಿಲ್ಲರೆ ಅಭ್ಯಾಸ ಆಗಲಿ ಅಂತ 33 ನಾಣ್ಯಗಳ ಪೊಟ್ಟಣ ಮಾರಿದರು. ಹೊಸ ವರ್ಷದ ದಿನ ಬ್ಯಾಂಕ್ ಖಾತೆಯಲ್ಲಿದ್ದ ಕುನಾ ತಾನಾಗಿ ಯೂರೋ ಆಯಿತು. ಸಾಲದ ಪತ್ರ, ಬಾಡಿಗೆ ಕರಾರು, ವಿಮೆ, ಯಾವುದಕ್ಕೂ ಮತ್ತೆ ಸಹಿ ಬೇಕಿಲ್ಲ. ಮೊದಲ ಎರಡು ವಾರ, ಅಂದರೆ ಜನವರಿ 14ರವರೆಗೆ, ಅಂಗಡಿಯಲ್ಲಿ ಕುನಾ ಕೊಡಬಹುದಿತ್ತು. ವಾಪಸ್ ಸಿಗುವ ಚಿಲ್ಲರೆ ಮಾತ್ರ ಯೂರೋದಲ್ಲಿ. ಹೀಗೆ ಮಾಡಿದ್ದರಿಂದ ಪ್ರತಿ ಕಿರಾಣಿ ಅಂಗಡಿಯೂ ಹಳೇ ಹಣ ಹೀರಿಕೊಂಡು ಹೊಸ ಹಣ ಬಿಡುವ ಕೌಂಟರ್ ಆಯಿತು. ಕ್ಯಾಶಿಯರ್‌ಗಳ ಗೋಳು ಕೇಳಬೇಡಿ.

ನಮ್ಮ ಕಲ್ಯಾಣ ಕರ್ನಾಟಕದ ಹಿರಿಯರಿಗೆ ಇದು ತೀರಾ ಹೊಸದೇನಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸ್ವಂತ ರೂಪಾಯಿ ಇತ್ತು, ಹಾಲಿ ಸಿಕ್ಕಾ. ಬೀದರ್, ಕಲಬುರಗಿ, ರಾಯಚೂರು ಕಡೆ ನಡೆಯುತ್ತಿದ್ದದ್ದು ಅದೇ. ಏಳು ಹಾಲಿಗೆ ಆರು ಭಾರತದ ರೂಪಾಯಿ ಅನ್ನುವ ಲೆಕ್ಕ. ಸಂಸ್ಥಾನ ಭಾರತಕ್ಕೆ ಸೇರಿದ ಮೇಲೂ ಎರಡು ಹಣ ಒಟ್ಟಿಗೆ ಓಡಾಡಿ, ಹಾಲಿ ಪೂರ್ತಿ ಹೋದದ್ದು 1959ರಲ್ಲಿ. ಕ್ರೊವೇಷಿಯಾ ಎರಡು ವಾರದಲ್ಲಿ ಮುಗಿಸಿದ್ದನ್ನು ಅಲ್ಲಿ ವರ್ಷಗಟ್ಟಲೆ ಎಳೆದರು. ಮೆಲ್ಲಗೆ ಮಾಡಿದರೆ ಜನರಿಗೆ ಸುಲಭ ಅನಿಸಬಹುದು, ಆದರೆ ಎರಡು ಹಣ ಇದ್ದಷ್ಟು ದಿನ ಲೆಕ್ಕ ಗೊತ್ತಿಲ್ಲದವನಿಗೆ ಟೋಪಿ ಹಾಕಲು ಅವಕಾಶವೂ ಇರುತ್ತದೆ.

ಟೋಪಿ ಅಂದಮೇಲೆ ಬೆಲೆ ವಿಷಯ ಮಾತಾಡಲೇಬೇಕು. ನಿಯಮ ತುಂಬಾ ಸರಳ. ಕುನಾ ಬೆಲೆಯನ್ನು 7.53450ರಿಂದ ಭಾಗಿಸಿ, ದರದ ಅಂಕೆಗಳನ್ನು ಕತ್ತರಿಸದೆ ಪೂರ್ತಿ ಬಳಸಿ, ಬಂದದ್ದನ್ನು ಹತ್ತಿರದ ಸೆಂಟ್‌ಗೆ ತನ್ನಿ. 10 ಕುನಾ ಕಾಫಿ 1.33 ಯೂರೋ. 12 ಕುನಾದ್ದು 1.59. ಈಗ ಕಾಫಿ ಅಂಗಡಿ ಮಾಲೀಕನ ಜಾಗದಲ್ಲಿ ನಿಂತು ನೋಡಿ. 1.33 ಅಂತ ಬೋರ್ಡ್ ಹಾಕುತ್ತೀರಾ, 1.40 ಅಂತ ಹಾಕುತ್ತೀರಾ? 1.50 ಅಂದರೆ ಇನ್ನೂ ಸಲೀಸು, ಚಿಲ್ಲರೆ ತಲೆನೋವಿಲ್ಲ. ಅಲ್ವಾ? ಆದರೆ 1.33 ಇದ್ದದ್ದು 1.50 ಆದರೆ ಅದು ಹತ್ತಿರ ಹತ್ತಿರ 13 ಶೇಕಡಾ ಏರಿಕೆ.

ಜನವರಿ ಮೊದಲ ವಾರದಲ್ಲೇ ಗಲಾಟೆ ಶುರುವಾಯಿತು. ಕಾಫಿ, ಬೇಕರಿ, ಕ್ಷೌರ, ಇಂಥ ಕಡೆ ಬೆಲೆ ಏರಿತ್ತು. ಸರ್ಕಾರ ಇನ್‌ಸ್ಪೆಕ್ಟರುಗಳನ್ನು ಕಳಿಸಿತು, ಬೆಲೆಯನ್ನು ಡಿಸೆಂಬರ್ 31ರ ಮಟ್ಟಕ್ಕೆ ಇಳಿಸಿ ಅಂತ ವ್ಯಾಪಾರಿಗಳಿಗೆ ಎಚ್ಚರಿಕೆ ಕೊಟ್ಟಿತು. ಇಷ್ಟಾದರೂ ಅಧಿಕೃತ ಅಂಕಿ ನೋಡಿದರೆ ಆಶ್ಚರ್ಯ: ವಾರ್ಷಿಕ ಹಣದುಬ್ಬರ ಡಿಸೆಂಬರ್‌ನಲ್ಲಿ 12.7 ಶೇಕಡಾ ಇದ್ದದ್ದು ಜನವರಿಯಲ್ಲಿ 12.5ಕ್ಕೆ ಇಳಿದಿತ್ತು. ಯಾರು ಸುಳ್ಳು ಹೇಳುತ್ತಿದ್ದಾರೆ? ಯಾರೂ ಇಲ್ಲ. ಉಕ್ರೇನ್ ಯುದ್ಧದ ನಂತರ ಬೆಲೆಗಳು ಮೊದಲೇ ಓಡುತ್ತಿದ್ದವು, ಯೂರೋ ಬಂದದ್ದು ಆ ಓಟದ ನಡುವೆ. ಹಣ ಬದಲಾದದ್ದಕ್ಕೇ ಆದ ಏರಿಕೆ ಇಡೀ ಲೆಕ್ಕದಲ್ಲಿ ಒಂದು ಅಂಶಕ್ಕಿಂತ ಕಡಿಮೆ. ಆದರೆ ನಾವು ಫ್ರಿಜ್ ಕೊಳ್ಳುವುದು ಹತ್ತು ವರ್ಷಕ್ಕೊಮ್ಮೆ, ಕಾಫಿ ಕುಡಿಯುವುದು ದಿನಾ. ದಿನಾ ಕಾಣುವ ಬೆಲೆಯಲ್ಲೇ ಮನಸ್ಸು ಹಣದುಬ್ಬರ ಅಳೆಯುತ್ತದೆ, ಮತ್ತು ದುಂಡಗೆ ಮಾಡಿ ಏರಿಸಿದ್ದು ಸರಿಯಾಗಿ ಅಂಥ ಚಿಕ್ಕ ಬೆಲೆಗಳನ್ನೇ.

ಇನ್ನೊಂದು ಮನಸ್ಸಿನ ಆಟ ಸಂಬಳದ್ದು. ಕೈಗೆ 7,500 ಕುನಾ ಬರುತ್ತಿದ್ದವನಿಗೆ ಜನವರಿಯಲ್ಲಿ 995.42 ಯೂರೋ ಬಂತು. ಬೆಲೆಯಲ್ಲಿ ಎರಡೂ ಒಂದೇ. ಆದರೂ ಸಾವಿರಗಳು ಮಾಯವಾಗಿ ನೂರುಗಳು ಉಳಿದಾಗ ಬಡವನಾದ ಹಾಗೆ ಅನಿಸುವುದು ಸಹಜ. ಪಕ್ಕದಲ್ಲೇ ಜರ್ಮನಿಯ ಸಂಬಳವನ್ನು ಅದೇ ಹಣದಲ್ಲಿ ನೋಡಿದಾಗಂತೂ ಕೇಳುವುದೇ ಬೇಡ.

ಸರಿ, ಕಳೆದುಕೊಂಡದ್ದೇನು? ಬಡ್ಡಿ ದರ ಈಗ ಫ್ರಾಂಕ್‌ಫರ್ಟ್‌ನಲ್ಲಿರುವ ಯುರೋಪ್‌ನ ಕೇಂದ್ರ ಬ್ಯಾಂಕ್‌ನಲ್ಲಿ ತೀರ್ಮಾನವಾಗುತ್ತದೆ. ಕ್ರೊವೇಷಿಯಾದ ಗವರ್ನರ್‌ಗೂ ಅಲ್ಲಿ ಕುರ್ಚಿ ಇದೆ, ಮೊದಲು ಅದೂ ಇರಲಿಲ್ಲ. ಆದರೆ ಮತ ಪ್ರತಿ ಸಲ ಇಲ್ಲ. ದೊಡ್ಡ ಐದು ದೇಶಗಳ ಗವರ್ನರ್‌ಗಳಿಗೆ ನಾಲ್ಕು ಮತ, ಉಳಿದ 15 ಜನಕ್ಕೆ 11 ಮತ, ಸರದಿ ಪ್ರಕಾರ. ಕ್ರೊವೇಷಿಯಾ ಸೇರಿದಾಗಿನ ಲೆಕ್ಕ ಇದು.

ಇದರ ತೊಂದರೆ ಏನು ಅಂತ ಬೇಗನೇ ಕಂಡಿತು. 2024ರಲ್ಲಿ ಯೂರೋ ವಲಯದ ಸರಾಸರಿ ಹಣದುಬ್ಬರ 2.4 ಶೇಕಡಾಗೆ ಇಳಿದಿತ್ತು, ಕ್ರೊವೇಷಿಯಾದಲ್ಲಿ 4ರ ಸುತ್ತ ನಿಂತಿತ್ತು. ಅಲ್ಲಿ ಆರ್ಥಿಕತೆ ಜೋರಾಗಿತ್ತು, ಸಂಬಳ ಏರುತ್ತಿತ್ತು, ಪ್ರವಾಸಿಗರು ತುಂಬಿದ್ದರು. ಸ್ವಂತ ಬಡ್ಡಿ ದರ ಇದ್ದಿದ್ದರೆ ಸ್ವಲ್ಪ ಬಿಗಿ ಮಾಡಬಹುದಿತ್ತು. ಆದರೆ ಸೊರಗಿದ್ದ ಜರ್ಮನಿಯನ್ನೂ ನೋಡಬೇಕಾದ ಫ್ರಾಂಕ್‌ಫರ್ಟ್ ಆ ವರ್ಷದ ಜೂನ್‌ನಿಂದ ಬಡ್ಡಿ ಇಳಿಸತೊಡಗಿತು. ಕ್ರೊವೇಷಿಯಾ ಕೈಯಲ್ಲಿ ಉಳಿದದ್ದು ಚಿಕ್ಕ ಚಿಕ್ಕ ಉಪಾಯಗಳು: ಆಯ್ದ ಸರಕುಗಳಿಗೆ ಬೆಲೆ ಮಿತಿ, ಸಂಬಳಕ್ಕೆ ತಕ್ಕಷ್ಟೇ ಸಾಲ ಕೊಡಿ ಅಂತ ಬ್ಯಾಂಕ್‌ಗಳಿಗೆ ಕಟ್ಟುಪಾಡು. ಜನರಿಗೂ ರೋಸಿಹೋಗಿ 2025ರ ಜನವರಿ 24ರ ಶುಕ್ರವಾರ ಅಂಗಡಿಗಳನ್ನೇ ಬಹಿಷ್ಕರಿಸಿದರು. ಅದು ಅಕ್ಕಪಕ್ಕದ ದೇಶಗಳಿಗೂ ಹಬ್ಬಿತು.

ಉಲ್ಟಾ ಪರಿಸ್ಥಿತಿ ಬಂದರೆ ಇನ್ನೂ ಕಷ್ಟ. 2010ರ ನಂತರ ಗ್ರೀಸ್‌ಗೆ ಆದದ್ದು ಅದೇ. ಸ್ವಂತ ಹಣ ಇಳಿಸುವ ದಾರಿ ಇಲ್ಲ, ಹಾಗಾಗಿ ಸಂಬಳ, ಪಿಂಚಣಿಗಳನ್ನೇ ಇಳಿಸಿದರು. 2013ರಲ್ಲಿ ನಿರುದ್ಯೋಗ 27 ಶೇಕಡಾ ಮುಟ್ಟಿತ್ತು. ಕ್ರೊವೇಷಿಯಾಗೆ ನಾಳೆ ಅಂಥದ್ದು ಬಂದರೆ? ಅದರ ಆದಾಯದ ದೊಡ್ಡ ಪಾಲು ಪ್ರವಾಸೋದ್ಯಮದ್ದು. ಕೊರೋನಾ ಥರದ ಒಂದು ಬೇಸಿಗೆ ಸಾಕು.

ಇಲ್ಲಿ ಭಾರತ ನೆನಪಾಗುತ್ತದೆ. ಕರ್ನಾಟಕ, ಬಿಹಾರ ಎರಡಕ್ಕೂ ಒಂದೇ ರೂಪಾಯಿ, ಒಂದೇ ಬಡ್ಡಿ ದರ. ಆರ್ಥಿಕತೆ ಬೇರೆ ಬೇರೆ. ಆದರೂ ಇದು ನಡೆಯುತ್ತಿರುವುದಕ್ಕೆ ಒಂದು ಕಾರಣ ಕೇಂದ್ರ ತೆರಿಗೆ ಕೂಡಿಸಿ ಹಂಚುವುದು. ಆ ಹಂಚಿಕೆಯಲ್ಲಿ ಕರ್ನಾಟಕದ ಪಾಲು 15ನೇ ಹಣಕಾಸು ಆಯೋಗದಲ್ಲಿ 4.713ರಿಂದ 3.647 ಶೇಕಡಾಗೆ ಇಳಿದದ್ದು, ಅದರ ಮೇಲಿನ ಸಿಟ್ಟು 2024ರಲ್ಲಿ ದೆಹಲಿವರೆಗೆ ಹೋದದ್ದು ಎಲ್ಲರಿಗೂ ಗೊತ್ತು. ಸಿಟ್ಟು ನ್ಯಾಯವಾದದ್ದೇ ಇರಬಹುದು, ಅದು ಬೇರೆ ಚರ್ಚೆ. ಯುರೋಪ್‌ನಲ್ಲಿ ಜಗಳ ಆಡುವುದಕ್ಕೂ ಅಷ್ಟು ದೊಡ್ಡ ಗಂಟಿಲ್ಲ. ಇಡೀ ಒಕ್ಕೂಟದ ಬಜೆಟ್ ಸದಸ್ಯ ದೇಶಗಳ ಆದಾಯದ 1 ಶೇಕಡಾ ಆಸುಪಾಸು. ಹಣ ಒಂದು ಮಾಡಿದರು, ಖಜಾನೆ ಒಂದು ಮಾಡಲಿಲ್ಲ. ಹೊಡೆತ ಬಿದ್ದ ದೇಶದವರು ಕಡಿಮೆ ಸಂಬಳಕ್ಕೆ ದುಡಿಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಕ್ರೊವೇಷಿಯಾದ ಜನ ಎರಡನೆಯದನ್ನು ಚೆನ್ನಾಗಿ ಬಲ್ಲರು. 2011ರಲ್ಲಿ 43 ಲಕ್ಷದ ಹತ್ತಿರ ಇದ್ದವರು 2021ರ ಗಣತಿಯಲ್ಲಿ 39 ಲಕ್ಷಕ್ಕೂ ಕಡಿಮೆ.

ಇಷ್ಟೆಲ್ಲ ನೋಡಿಯೂ ನನಗೆ ಕ್ರೊವೇಷಿಯಾದ ಲೆಕ್ಕ ಸರಿ ಅನಿಸುತ್ತದೆ. ಬಿಟ್ಟುಕೊಟ್ಟ ಅಧಿಕಾರ ಅವರ ಪಾಲಿಗೆ ಬಹುಮಟ್ಟಿಗೆ ಕಾಗದದ ಮೇಲಿತ್ತು, ಬಂದ ಲಾಭ ಕೈಗೆ ಸಿಗುವಂಥದ್ದು. ಸಾಲ ಮತ್ತು ಸಂಬಳ ಒಂದೇ ಹಣಕ್ಕೆ ಬಂದವು. 2022ರ ಜುಲೈನಲ್ಲಿ ಒಪ್ಪಿಗೆ ಸಿಕ್ಕ ಬೆನ್ನಲ್ಲೇ ಸಾಲ ತೀರಿಸುವ ಶಕ್ತಿ ಅಳೆಯುವ ರೇಟಿಂಗ್ ಕಂಪನಿಗಳು ದೇಶದ ದರ್ಜೆ ಏರಿಸಿದವು. ಆದರೆ ಇದೇ ಲೆಕ್ಕ ಸ್ವೀಡನ್‌ಗೆ ಹಾಕಿದರೆ ಉತ್ತರ ಬೇರೆ ಬರುತ್ತದೆ. ಅಲ್ಲಿ ಜನ ಉಳಿಸುವುದೂ ಸಾಲ ಮಾಡುವುದೂ ತಮ್ಮ ಕ್ರೋನಾದಲ್ಲೇ, ಅದು ಇಳಿದರೆ ಮನೆ ಸಾಲ ಉಬ್ಬುವುದಿಲ್ಲ. 2003ರ ಜನಮತಗಣನೆಯಲ್ಲಿ ಅವರು ಯೂರೋ ಬೇಡ ಅಂದರು, ಈಗಲೂ ಹೊರಗೇ ಇದ್ದಾರೆ. ಬಲ್ಗೇರಿಯಾ 2026ರ ಜನವರಿ 1ರಂದು 21ನೆಯದಾಗಿ ಒಳಗೆ ಬಂತು. ಅದರ ಲೆವ್ ಅನ್ನು 1997ರಲ್ಲೇ ಜರ್ಮನ್ ಮಾರ್ಕ್‌ಗೆ ಗಟ್ಟಿಯಾಗಿ ಕಟ್ಟಿದ್ದರು, ಆಮೇಲೆ ಯೂರೋಗೆ. ಸ್ವಂತ ಬಡ್ಡಿ ನೀತಿ ಅಂತ ಅಲ್ಲಿ ಬಿಟ್ಟುಕೊಡಲು ಉಳಿದಿದ್ದೇ ಇಲ್ಲ ಅನ್ನಬಹುದು.

ಕೊನೆಗೊಂದು ಕೆಲಸಕ್ಕೆ ಬರುವ ಮಾತು. ಹಿಂದೆ ದುಬ್ರೋವ್ನಿಕ್ ಕಡೆ ಪ್ರವಾಸಕ್ಕೆ ಹೋಗಿಬಂದವರ ಡ್ರಾಯರ್‌ನಲ್ಲಿ ಕುನಾ ನೋಟು ಬಿದ್ದಿದ್ದರೆ ಎಸೆಯಬೇಡಿ. ನೋಟುಗಳನ್ನು ಕ್ರೊವೇಷಿಯಾದ ಕೇಂದ್ರ ಬ್ಯಾಂಕ್ ಯಾವಾಗ ಕೊಟ್ಟರೂ ಬದಲಿಸಿಕೊಡುತ್ತದೆ, ಗಡುವು ಇಲ್ಲ. ನಾಣ್ಯಗಳಿಗೆ 2025ರ ಡಿಸೆಂಬರ್ 31 ಕೊನೇ ದಿನವಾಗಿತ್ತು. ಅವನ್ನು ಮಕ್ಕಳಿಗೆ ಆಡಲು ಕೊಡಬಹುದು.